‘ಸಣ್ಣ ಗಾಡಿ ತಾನೆ, ಲೈಸೆನ್ಸ್ ಯಾಕೆ?’

ಎಸ್ಸೆಸ್ಸೆಲ್ಸಿ ಮುಗಿದು ಪಿಯು ಕಾಲೇಜಿಗೆ ಸೇರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಒಂದೇ ಬೇಡಿಕೆ: ‘ಅಪ್ಪಾ, ನನ್ನ ಫ್ರೆಂಡ್ಸ್ ಎಲ್ಲರ ಹತ್ರಾನೂ ಗಾಡಿ ಇದೆ. ನನಗೂ ಒಂದು ಕೊಡಿಸಿ.’ ಬೇಡಿಕೆಯಲ್ಲಿ ನ್ಯಾಯವೂ ಇರುತ್ತದೆ. ಕಾಲೇಜು ಒಂದು ದಿಕ್ಕಿಗೆ, ಟ್ಯೂಷನ್ ಇನ್ನೊಂದು ದಿಕ್ಕಿಗೆ, ನಡುವೆ ಸಮಯಕ್ಕೆ ಬಾರದ ಬಸ್ಸು. ಕೊನೆಗೆ ಅಪ್ಪ, ಅಮ್ಮ ಒಂದು ರಾಜಿಗೆ ಬರುತ್ತಾರೆ: ‘ಬೈಕ್ ಬೇಡ, ಸಣ್ಣ ಸ್ಕೂಟರ್ ಸಾಕು. ಅದಕ್ಕೆ ಯಾರೂ ಲೈಸೆನ್ಸ್ ಕೇಳಲ್ಲ.’

ಎಡವಟ್ಟು ಶುರುವಾಗುವುದು ಇಲ್ಲೇ. ಗಾಡಿ ಸಣ್ಣದೋ ದೊಡ್ಡದೋ ಎಂದು ನಾವು ನೋಡುವುದು ಕಣ್ಣಳತೆಯಲ್ಲಿ. ಕಾನೂನು ನೋಡುವುದು ಎಂಜಿನ್ನಿನ ಸಿಸಿ, ಮೋಟಾರಿನ ಶಕ್ತಿ, ಗರಿಷ್ಠ ವೇಗ ಮತ್ತು ಸವಾರನ ವಯಸ್ಸು.

ಲೂನಾ ಕಾಲದ ಲೆಕ್ಕ

ಅಮ್ಮಂದಿರು, ಅಪ್ಪಂದಿರು ‘ಸಣ್ಣ ಗಾಡಿ’ ಎಂದಾಗ ಅವರ ಮನಸ್ಸಿನಲ್ಲಿರುವುದು ಹಳೆಯ ಮೊಪೆಡ್. 1972ರಲ್ಲಿ ಕೈನೆಟಿಕ್ ಕಂಪನಿಯ ಲೂನಾ ಬಂತು. 1980ರಲ್ಲಿ, ಬೆಂಗಳೂರಿನ ಪಕ್ಕದ ಹೊಸೂರಿನ ಕಾರ್ಖಾನೆಯಿಂದ ಟಿವಿಎಸ್ 50 ಹೊರಬಿತ್ತು. ಸೈಕಲ್ಲಿನಂತೆ ಪೆಡಲ್, ಸುಮಾರು 50 ಸಿಸಿಯ ಪುಟ್ಟ ಎಂಜಿನ್. ಮೇಷ್ಟ್ರು, ಪೋಸ್ಟ್‌ಮನ್, ಹಾಲು ಹಾಕುವವರು ಎಲ್ಲರ ಮನೆ ಮುಂದೆಯೂ ಅದೇ ನಿಂತಿರುತ್ತಿತ್ತು.

1988ರ ಮೋಟಾರು ವಾಹನ ಕಾಯಿದೆ ಬರೆದಾಗ ರಸ್ತೆಯಲ್ಲಿ ಇಂಥ ಗಾಡಿಗಳು ಧಾರಾಳವಾಗಿದ್ದವು. ಆ ಕಾಯಿದೆಯ 4ನೇ ಕಲಂ ಪ್ರಕಾರ 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನ ಓಡಿಸುವಂತಿಲ್ಲ. ಒಂದೇ ಒಂದು ವಿನಾಯಿತಿ ಎಂದರೆ, 16 ತುಂಬಿದವರು 50 ಸಿಸಿ ಮೀರದ ದ್ವಿಚಕ್ರ ವಾಹನ ಓಡಿಸಬಹುದು. ಅದೂ ಲೈಸೆನ್ಸ್ ಪಡೆದೇ ಓಡಿಸಬೇಕು. 18 ತುಂಬದವರಿಗೆ ಕಲಿಕಾ ಲೈಸೆನ್ಸ್ ಕೊಡಲು ತಂದೆ, ತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆಯೂ ಬೇಕು.

ಈಗ ಶೋರೂಮಿಗೆ ಹೋಗಿ ನೋಡಿ. ಸಾಮಾನ್ಯ ಪೆಟ್ರೋಲ್ ಸ್ಕೂಟರ್‌ಗಳೆಲ್ಲ 110 ಅಥವಾ 125 ಸಿಸಿ ಆಸುಪಾಸಿನವು. ಹಳ್ಳಿಯ ರೈತರು ಮೇವಿನ ಹೊರೆ, ಹಾಲಿನ ಕ್ಯಾನು, ಹೂವಿನ ಮೂಟೆ ಹೇರಿಕೊಂಡು ಹೋಗುವ ಎಕ್ಸೆಲ್ 100 ಕೂಡ ಹೆಸರೇ ಹೇಳುವಂತೆ ನೂರರ ಹತ್ತಿರ. ಅಂದರೆ ಕಾನೂನು 16ರ ಹುಡುಗನಿಗೆ ಬಾಗಿಲು ತೆರೆದಿಟ್ಟಿದೆ. ಆದರೆ ಆ ಬಾಗಿಲಿನಲ್ಲಿ ಹಾಯುವಂಥ ಪೆಟ್ರೋಲ್ ಗಾಡಿ ಅಂಗಡಿಯಲ್ಲಿ ಸಿಗುವುದು ಕಷ್ಟ. ಅಮ್ಮನ ಸ್ಕೂಟರ್, ಚಿಕ್ಕಪ್ಪನ ಎಕ್ಸೆಲ್ ಯಾವುದಕ್ಕೂ ಈ ವಿನಾಯಿತಿ ಅನ್ವಯಿಸುವುದಿಲ್ಲ. ‘ಎಕ್ಸೆಲ್‌ಗೆ ಲೈಸೆನ್ಸ್ ಬೇಡ’ ಎಂಬ ಊರಮಾತು ಪೂರ್ತಿ ಸುಳ್ಳು. ಅದಕ್ಕೂ ಲೈಸೆನ್ಸ್, ಆರ್‌ಸಿ, ವಿಮೆ ಮೂರೂ ಬೇಕು.

ಲೈಸೆನ್ಸ್ ಬೇಡದ ಗಾಡಿ ಯಾವುದು?

ಇಂಥ ಗಾಡಿಗಳು ಇಲ್ಲವೆಂದಲ್ಲ, ಇವೆ. ‘ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಬೇಡ’ ಎಂದು ಬೋರ್ಡು ಹಾಕಿ ಮಾರುವ ಎಲೆಕ್ಟ್ರಿಕ್ ಸ್ಕೂಟರ್‌ಗಳನ್ನು ನೀವೂ ನೋಡಿರುತ್ತೀರಿ. ಕೇಂದ್ರ ಮೋಟಾರು ವಾಹನ ನಿಯಮಗಳು ಇವಕ್ಕೆ ಗೆರೆ ಎಳೆದಿವೆ. ಮೋಟಾರಿನ ಶಕ್ತಿ 0.25 ಕಿಲೋವಾಟ್, ಅಂದರೆ 250 ವಾಟ್‌ಗಿಂತ ಕಡಿಮೆ ಇರಬೇಕು. ಗರಿಷ್ಠ ವೇಗ ಗಂಟೆಗೆ 25 ಕಿಲೋಮೀಟರ್‌ಗಿಂತ ಕಡಿಮೆ ಇರಬೇಕು. ಬ್ಯಾಟರಿ ಬಿಟ್ಟು ತೂಕ 60 ಕೆ.ಜಿ. ಮೀರಬಾರದು. ಒಳ್ಳೆಯ ಬ್ರೇಕು ಮತ್ತು ಮುಂದೆ ಬಿಳಿ, ಹಿಂದೆ ಕೆಂಪು ರಿಫ್ಲೆಕ್ಟರ್ ಇರಬೇಕು. ಇವೆಲ್ಲ ಸರಿಯಿದೆ ಎಂದು ಸರ್ಕಾರ ಗುರುತಿಸಿದ ಪರೀಕ್ಷಾ ಸಂಸ್ಥೆ ಪ್ರಮಾಣಪತ್ರ ಕೊಟ್ಟಿರಬೇಕು. ಪುಣೆಯ ಎಆರ್‌ಎಐ ಇಂಥ ಒಂದು ಸಂಸ್ಥೆ. ಹೀಗಿದ್ದರೆ ಮಾತ್ರ ಆ ಗಾಡಿ ಕಾನೂನಿನ ಕಣ್ಣಿನಲ್ಲಿ ‘ಮೋಟಾರು ವಾಹನ’ವೇ ಅಲ್ಲ.

ಪೆಡಲ್ ತುಳಿದಾಗ ಮೋಟಾರು ನೆರವಾಗುವ ಎಲೆಕ್ಟ್ರಿಕ್ ಸೈಕಲ್‌ಗೂ ಇದೇ ಗೆರೆ. ವೇಗ 25 ಮುಟ್ಟಿದಾಗ ಅಥವಾ ತುಳಿಯುವುದನ್ನು ನಿಲ್ಲಿಸಿದಾಗ ಮೋಟಾರಿನ ನೆರವೂ ನಿಲ್ಲಬೇಕು. ಸೈಕಲ್‌ಗೆ ಪುಟ್ಟ ಪೆಟ್ರೋಲ್ ಎಂಜಿನ್ ಕೂರಿಸಿಕೊಳ್ಳುವವರೂ ಇದ್ದಾರೆ. ಎಂಜಿನ್ 25 ಸಿಸಿ ಮೀರದಿದ್ದರೆ ಅದು ಮೋಟಾರು ವಾಹನವಲ್ಲ. ಮೀರಿದರೆ, ಅದು ನೋಂದಣಿ ಇಲ್ಲದೆ ರಸ್ತೆಗಿಳಿದ ವಾಹನ.

ಇಲ್ಲೊಂದು ಮೋಸದ ದಾರಿಯೂ ಇದೆ. 25ರ ವೇಗ ಹುಡುಗರಿಗೆ ಸಪ್ಪೆ ಎನಿಸುತ್ತದೆ. ‘ಲಾಕ್ ತೆಗೆದುಕೊಡ್ತೀವಿ, 45ರವರೆಗೂ ಓಡತ್ತೆ’ ಎನ್ನುವ ಅಂಗಡಿಯವರು ಸಿಕ್ಕಿಬಿಡುತ್ತಾರೆ. ಲಾಕ್ ತೆಗೆದ ಕ್ಷಣದಿಂದ ಆ ಗಾಡಿಗೆ ಸಿಕ್ಕಿದ್ದ ವಿನಾಯಿತಿ ಹೋಯಿತು. ನಂಬರ್ ಇಲ್ಲ, ವಿಮೆ ಇಲ್ಲ, ಸವಾರನಿಗೆ ಲೈಸೆನ್ಸ್ ಇಲ್ಲ. ಮೂರು ತಪ್ಪು ಒಟ್ಟಿಗೆ ಆದಂತೆ.

ಇನ್ನು ಹೆಚ್ಚು ವೇಗದ ಎಲೆಕ್ಟ್ರಿಕ್ ಸ್ಕೂಟರ್‌ಗಳು. ಹಸಿರು ನಂಬರ್ ಪ್ಲೇಟಿನ ಮೇಲೆ ಬಿಳಿ ಅಕ್ಷರ ಇದ್ದರೆ ಅದು ನೋಂದಾಯಿತ ಸ್ವಂತ ವಾಹನ. 2021ರಿಂದ ಬ್ಯಾಟರಿ ವಾಹನಗಳಿಗೆ ನೋಂದಣಿ ಶುಲ್ಕ ಮನ್ನಾ ಆಗಿದೆ. ಮನ್ನಾ ಆಗಿರುವುದು ಶುಲ್ಕ, ನೋಂದಣಿಯಲ್ಲ. ಲೈಸೆನ್ಸ್, ವಿಮೆ, ಹೆಲ್ಮೆಟ್ ಎಲ್ಲವೂ ಪೆಟ್ರೋಲ್ ಗಾಡಿಯಂತೆಯೇ ಕಡ್ಡಾಯ.

ಮಗ ಓಡಿಸಿದರೆ ಅಪ್ಪನಿಗೆ ಶಿಕ್ಷೆ

2019ರ ಸೆಪ್ಟೆಂಬರ್ 1ರಿಂದ ಕಾಯಿದೆಗೆ 199ಎ ಎಂಬ ಹೊಸ ಕಲಂ ಸೇರಿದೆ. ಅಪ್ರಾಪ್ತರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರೇ ತಪ್ಪಿತಸ್ಥರು. 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಗಾಡಿ ಓಡಿಸಿದ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ‘ನನಗೆ ಗೊತ್ತಾಗದಂತೆ ಒಯ್ದ’ ಎಂದು ಬಾಯಲ್ಲಿ ಹೇಳಿದರೆ ಸಾಲದು, ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು. ನಮ್ಮ ರಾಜ್ಯದ ಹಲವು ಊರುಗಳಲ್ಲಿ ತಂದೆ, ತಾಯಿಗೆ 25 ಸಾವಿರ ದಂಡ ಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇದೆ.

ಮಕ್ಕಳೇ, ಈ ಕೊನೆಯ ಶಿಕ್ಷೆಯನ್ನು ಸ್ವಲ್ಪ ಯೋಚಿಸಿ. 15ರಲ್ಲಿ ಬೀದಿ ಕೊನೆಯ ಅಂಗಡಿಗೆ ಹೋಗಿ ಬಂದ ಒಂದು ಸುತ್ತಿಗಾಗಿ, ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರುವ ವಯಸ್ಸಿನಲ್ಲೂ ಲೈಸೆನ್ಸ್ ಇಲ್ಲದೆ ಕೂರಬೇಕಾಗುತ್ತದೆ.

ದಂಡಕ್ಕಿಂತ ಭಾರವಾದದ್ದು

ದಂಡ ಹೇಗೋ ಕಟ್ಟಬಹುದು. ಗಾಡಿ ಯಾರಿಗಾದರೂ ಗುದ್ದಿದರೆ? ‘ಇನ್ಶೂರೆನ್ಸ್ ಇದೆಯಲ್ಲ’ ಎಂದು ನಾವು ನೆಮ್ಮದಿಯಾಗಿರುತ್ತೇವೆ. ಆದರೆ ಓಡಿಸಿದವರಿಗೆ ಲೈಸೆನ್ಸ್ ಇಲ್ಲದಿದ್ದರೆ ಕಥೆ ಬೇರೆ. 2004ರಲ್ಲಿ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸಿತು. ಗಾಯಾಳುವಿಗೆ ಅನ್ಯಾಯವಾಗಬಾರದೆಂದು ವಿಮಾ ಕಂಪನಿ ಮೊದಲು ಪರಿಹಾರ ಕೊಡಬೇಕಾಗಬಹುದು. ಆದರೆ ಮಾಲೀಕನೇ ತಿಳಿದೂ ತಿಳಿದೂ ಲೈಸೆನ್ಸ್ ಇಲ್ಲದವರ ಕೈಗೆ ಗಾಡಿ ಕೊಟ್ಟಿದ್ದರೆ ಆ ಹಣವನ್ನು ಅವನಿಂದ ವಸೂಲು ಮಾಡಬಹುದು. ದುಡಿಯುವ ವ್ಯಕ್ತಿಯೊಬ್ಬರು ಕೈಕಾಲು ಕಳೆದುಕೊಂಡರೆ ಪರಿಹಾರ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಅದಕ್ಕೆ ಮನೆ, ಹೊಲ ಮಾರುವ ಸ್ಥಿತಿ ಬರಬಹುದು. ಹಣ ಕೊಟ್ಟ ಮಾತ್ರಕ್ಕೆ ಹೋದ ಕಾಲು ಬರುವುದೂ ಇಲ್ಲ.

18 ತುಂಬಿತೇ? ಹೀಗೆ ಮಾಡಿ

ಸಾರಿಗೆ ಇಲಾಖೆಯ ‘ಸಾರಥಿ’ ತಾಣದಲ್ಲಿ ಕಲಿಕಾ ಲೈಸೆನ್ಸ್‌ಗೆ ಅರ್ಜಿ ಹಾಕಿ. ವಯಸ್ಸು, ವಿಳಾಸದ ದಾಖಲೆ ಬೇಕು. ಸಂಚಾರ ಚಿಹ್ನೆ, ರಸ್ತೆ ನಿಯಮಗಳ ಪರೀಕ್ಷೆ ಇರುತ್ತದೆ. ಕಲಿಕಾ ಲೈಸೆನ್ಸ್ 6 ತಿಂಗಳು ಚಾಲ್ತಿಯಲ್ಲಿರುತ್ತದೆ. 30 ದಿನ ಕಳೆದ ಮೇಲೆ ಆರ್‌ಟಿಒ ಕಚೇರಿಯಲ್ಲಿ ಗಾಡಿ ಓಡಿಸಿ ತೋರಿಸಬೇಕು. ಕಲಿಯುವಾಗ ಹಿಂದೆ, ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಇರಲಿ. ಹಿಂದೆ ಕೂರುವುದಾದರೆ ಲೈಸೆನ್ಸ್ ಇರುವ, ಕಲಿಸುವವರು ಮಾತ್ರ ಕೂರಬೇಕು. ಗೆಳೆಯರನ್ನು ಕೂರಿಸಿಕೊಂಡು ಸುತ್ತುವಂತಿಲ್ಲ.

ಗೇರ್ ಇಲ್ಲದ ಗಾಡಿಯ ಲೈಸೆನ್ಸ್ ಬೇರೆ, ಗೇರ್ ಇರುವ ಗಾಡಿಯದು ಬೇರೆ. ಸ್ಕೂಟರ್ ಲೈಸೆನ್ಸ್ ಇಟ್ಟುಕೊಂಡು ಅಣ್ಣನ ಬೈಕ್ ಓಡಿಸಿದರೆ ಅದೂ ತಪ್ಪೇ.

ಪುಟ್ಟ ಮಕ್ಕಳನ್ನು ಕರೆದೊಯ್ಯುವ ತಂದೆ, ತಾಯಿಗೂ ಒಂದು ಮಾತು. 4 ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಕಡ್ಡಾಯ. 9 ತಿಂಗಳಿಂದ 4 ವರ್ಷದೊಳಗಿನ ಮಗುವನ್ನು ಸವಾರನಿಗೆ ಬಿಗಿದಿಡುವ ಸುರಕ್ಷಾ ಪಟ್ಟಿ ಹಾಕಬೇಕು, ತಲೆಗೆ ಅಳತೆಯ ಹೆಲ್ಮೆಟ್ ಇಡಬೇಕು, ವೇಗ 40 ದಾಟಬಾರದು.

ಕೊಳ್ಳುವ ಮುನ್ನ ನೋಡಿ

• ‘ಲೈಸೆನ್ಸ್ ಬೇಡ’ ಎಂದರೆ ಪರೀಕ್ಷಾ ಸಂಸ್ಥೆಯ ಪ್ರಮಾಣಪತ್ರ ಕೇಳಿ. ಮಾಡೆಲ್ ಹೆಸರು, ಮೋಟಾರಿನ ಶಕ್ತಿ, ವೇಗ ನೀವೇ ಓದಿ. ಬಿಲ್ಲಿನಲ್ಲೂ ಅದೇ ಮಾಡೆಲ್ ಬರೆಸಿ.

• ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಸ್ವಂತ ಗಾಡಿಯ ಹಾನಿಗೆ ಇರುವ ವಿಮೆ ಬೇರೆ, ಅದರ ಅವಧಿಯನ್ನು ಪ್ರತ್ಯೇಕವಾಗಿ ನೋಡಿಕೊಳ್ಳಿ.

• ಹಳೆಯ ಗಾಡಿ ಕೊಂಡರೆ 30 ದಿನದೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಕೊಡಿ. ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ನವೀಕರಿಸಬೇಕು.

• ಲೈಸೆನ್ಸ್ ಬೇಡದ ಗಾಡಿಗೂ ಹೆಲ್ಮೆಟ್ ಇರಲಿ. 20ರ ವೇಗದಲ್ಲಿ ಬಿದ್ದರೂ ತಲೆಗೆ ಬೀಳುವ ಏಟು ಏಟೇ.

• ಮನೆಯ ಗಾಡಿಯ ಕೀಲಿಯನ್ನು ಮೊಳೆಗೆ ನೇತುಹಾಕುವ ಬದಲು ದೊಡ್ಡವರು ತಮ್ಮ ಬಳಿಯೇ ಇಟ್ಟುಕೊಳ್ಳಲಿ. 16ರ ಮಗಳಿಗೋ ಮಗನಿಗೋ ಸದ್ಯಕ್ಕೆ ಒಂದು ಒಳ್ಳೆಯ ಸೈಕಲ್ಲೋ ಪೆಡಲ್ ಇರುವ ಎಲೆಕ್ಟ್ರಿಕ್ ಸೈಕಲ್ಲೋ ಸಾಕು.