ಸಹಿ ಹಾಕುವ ಮುನ್ನ ಕೇಳಿ ತಿಳಿಯಿರಿ

ಖಾನಾಪುರ ಕಡೆಯ ಕುಟುಂಬವೊಂದು ಅನಗೋಳದ ನನ್ನ ದವಾಖಾನೆಗೆ ಬಂದಿತ್ತು. ಸೊಸೆ ಗರ್ಭಿಣಿ. ಸಂಶೋಧನೆಯೊಂದಕ್ಕೆ ಸೇರುತ್ತೀರಾ ಎಂದು ಆರೋಗ್ಯ ಕಾರ್ಯಕರ್ತೆ ಕೇಳಿ ಹೋಗಿದ್ದರು. ಅತ್ತೆಗೆ ಭಯ: "ನಮ್ಮ ಹುಡುಗಿ ಮೇಲೆ ಪ್ರಯೋಗ ಮಾಡ್ತಾರೇನ್ರೀ?"

ಈ ಭಯ ನಿಮ್ಮಲ್ಲೂ ಇರಬಹುದು. ಅದು ತಪ್ಪಲ್ಲ. ಆದರೆ ನಮ್ಮದೇ ಜಿಲ್ಲೆಯ ಒಂದು ಸಂಗತಿಯನ್ನು ನೀವು ತಿಳಿದಿರಬೇಕು.

ಹೆರಿಗೆಯ ನಂತರದ ಅತಿ ರಕ್ತಸ್ರಾವ ಬಾಣಂತಿಯ ಜೀವಕ್ಕೆ ದೊಡ್ಡ ಅಪಾಯ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು. ಕರೆಂಟಿಲ್ಲದ ಹಳ್ಳಿಯಲ್ಲಿ ಅದು ಹೇಗೆ ಸಾಧ್ಯ? ಮಿಸೊಪ್ರೊಸ್ಟಾಲ್ ಮಾತ್ರೆಗೆ ಆ ತೊಂದರೆಯಿಲ್ಲ. ಆದರೆ ಹಳ್ಳಿಯ ಹೆರಿಗೆಯಲ್ಲಿ ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ?

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ವೈದ್ಯರ ಜೊತೆಗೂಡಿ 2002ರಿಂದ 2005ರವರೆಗೆ ಇದನ್ನು ಪರೀಕ್ಷಿಸಿದರು. ಜಿಲ್ಲೆಯ ಹಳ್ಳಿಗಳ 1,620 ಮಹಿಳೆಯರು ಭಾಗವಹಿಸಿದರು. ಅರ್ಧದಷ್ಟು ಜನರಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಅದೇ ರೂಪದ ಮಾತ್ರೆ. ಮಾತ್ರೆ ಕೊಟ್ಟವರು, ರಕ್ತವನ್ನು ಅಳೆದು ಬರೆದವರು ನಮ್ಮ ಹಳ್ಳಿಗಳ ನರ್ಸಮ್ಮಂದಿರೇ. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಔಷಧ ಪಡೆದವರಲ್ಲಿ 6.4 ಮಂದಿಗೆ ಮಾತ್ರ. ಚಳಿ, ಜ್ವರ ಹೆಚ್ಚು ಕಂಡವು. ಅದನ್ನೂ ಮುಚ್ಚಿಡದೆ ಬರೆದರು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

(ಎಚ್ಚರಿಕೆ: ಈ ಮಾತ್ರೆಯನ್ನು ಸ್ವತಃ ತಂದು ನುಂಗಬೇಡಿ. ಹೆರಿಗೆಗೆ ಮುಂಚೆ ಅದು ತಾಯಿಗೂ ಮಗುವಿಗೂ ಅಪಾಯ.)

ದೂರದ ದೇಶದ ದೊಡ್ಡ ಆಸ್ಪತ್ರೆಯಲ್ಲಿ ನಡೆದ ಪರೀಕ್ಷೆ ನಮ್ಮ ಹಳ್ಳಿಯ ಪ್ರಶ್ನೆಗೆ ಉತ್ತರ ಕೊಡಲಾರದು. ನಮ್ಮ ಪ್ರಶ್ನೆಯನ್ನು ನಮ್ಮವರೇ ಕೇಳಬೇಕು, ನಮ್ಮವರೇ ಅಳೆಯಬೇಕು.

ಹಾಗೆಂದು ಕಣ್ಣು ಮುಚ್ಚಿ ಸಹಿ ಹಾಕಬೇಡಿ. ಇವನ್ನು ಕೇಳಿ:

1. ಏನನ್ನು ಪರೀಕ್ಷಿಸುತ್ತೀರಿ? ಅಪಾಯವೇನು? ನಮ್ಮ ಭಾಷೆಯಲ್ಲಿ ಹೇಳಿ.
2. ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ಔಷಧ ಪರೀಕ್ಷೆಯಾದರೆ ಸರ್ಕಾರದ ಕ್ಲಿನಿಕಲ್ ಟ್ರಯಲ್ ನೋಂದಣಿ ಆಗಿದೆಯೇ?
3. ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಯಾರು ಕೊಡುತ್ತಾರೆ?
4. ಮಧ್ಯದಲ್ಲಿ ಬಿಟ್ಟರೆ ಮಾಮೂಲಿ ಚಿಕಿತ್ಸೆ ಮುಂದುವರಿಯುತ್ತದೆಯೇ?

ಒಪ್ಪಿಗೆ ಪತ್ರದ ಪ್ರತಿಯನ್ನು ಮನೆಯಲ್ಲಿಡಿ. ನಿರ್ಧಾರ ಸೊಸೆಯದ್ದು, ಅತ್ತೆ, ಗಂಡ ಜೊತೆಗಿದ್ದು ಕೇಳಲಿ, ಅವಳ ಪರವಾಗಿ ಉತ್ತರಿಸದಿರಲಿ.

ಇದು ನಮ್ಮ ಯುನಾನಿಗೂ ಅನ್ವಯ. ಇಬ್ನ್ ಸೀನಾ 'ಅಲ್-ಖಾನೂನ್'ನಲ್ಲಿ ಔಷಧವನ್ನು ಪರೀಕ್ಷಿಸುವ ನಿಯಮಗಳನ್ನು ಬರೆದಿಟ್ಟರು. ನಾನಾದರೋ ವರ್ಷಗಟ್ಟಲೆ ಜೋಶಾಂದಾ ಕೊಟ್ಟೆ; ಯಾರಿಗೆ ಗುಣವಾಯಿತು, ಯಾರಿಗೆ ಆಗಲಿಲ್ಲ ಎಂದು ಬರೆದಿಡಲಿಲ್ಲ. ಈಗ ಒಂದು ವಹಿ ಇಟ್ಟಿದ್ದೇನೆ. ಪಾರಂಪರಿಕ ವೈದ್ಯಕ್ಕೆಂದೇ ಐಸಿಎಂಆರ್‌ನ ರಾಷ್ಟ್ರೀಯ ಸಂಸ್ಥೆ ನಮ್ಮ ಬೆಳಗಾವಿಯಲ್ಲೇ ಇದೆ. ನಮ್ಮಂಥವರ ವಹಿಗಳಿಲ್ಲದೆ ಪ್ರಶ್ನೆಗಳು ಹುಟ್ಟುವುದಾದರೂ ಎಲ್ಲಿಂದ?

ನೀವೂ ಮದ್ದು ತೆಗೆದುಕೊಂಡ ಮೇಲೆ ಗುಣವಾಗದಿದ್ದರೆ ಸುಮ್ಮನೆ ಬೇರೆ ವೈದ್ಯರಲ್ಲಿಗೆ ಹೋಗಬೇಡಿ. ಒಮ್ಮೆ ಬಂದು ಹೇಳಿ. ಆ ಮಾತನ್ನೂ ವಹಿಯಲ್ಲಿ ಬರೆಯುತ್ತೇನೆ.