ಹೊಲದ ಮನೆಯಾದ ಹಳೇ ಬಸ್ಸು: ಜಂಗು ಮುಚ್ಚಬೇಡಿ, ಕಿತ್ತು ತೆಗೆಯಿರಿ

ಸವದತ್ತಿ ತಾಲ್ಲೂಕಿನ ನಮ್ಮ ಹೊಲದಲ್ಲಿ ಒಂದು ಬಸ್ಸು ನಿಂತಿದೆ. ಎಂಜಿನ್ ಇಲ್ಲ, ಗಾಲಿ ಇಲ್ಲ. ಹಾದಿಯಲ್ಲಿ ಹೋಗುವವರು, 'ಈ ಬಸ್ಸು ಎಷ್ಟೊತ್ತಿಗೆ ಬಿಡತೈತ್ರಿ?' ಎಂದು ಚಾಷ್ಟಿ ಮಾಡುತ್ತಾರೆ. ಬೀಜದ ಚೀಲ, ಔಷಧ ಹೊಡೆಯುವ ಪಂಪು, ಹಗ್ಗ, ತಾಡಪತ್ರಿ ಎಲ್ಲ ಅದರಲ್ಲೇ. ಬೆಳೆ ಕಾಯುವ ಕಾಲಕ್ಕೆ ನಾನೂ ಅದರಲ್ಲೇ ಮಲಗುತ್ತೇನೆ.

ಹೊಲದಲ್ಲಿ ಒಂದು ಖೋಲಿ ಕಟ್ಟಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಬುನಾದಿ ಆಳವಾಗಿ ಹಾಕದಿದ್ದರೆ ನಾಲ್ಕೇ ವರ್ಷಕ್ಕೆ ಗೋಡೆ ಸೀಳುತ್ತದೆ. ಮಳೆ ನಂಬಿದ ರೈತನಿಗೆ ಅಷ್ಟು ರೊಕ್ಕ ಎಲ್ಲಿಂದ ಬರಬೇಕು? ಬಸ್ಸಿನ ಬಾಡಿಗೆ ಆ ತ್ರಾಸು ಇಲ್ಲ. ಕಲ್ಲಿನ ಮೇಲೆ ಕುಂಡ್ರಿಸಿದರೆ ನೆಲ ಉಬ್ಬಿದರೂ ತಗ್ಗಿದರೂ ಅದು ಸೀಳುವುದಿಲ್ಲ.

ಹಳೇ ಬಸ್ಸನ್ನು ಬೇರೆ ಕೆಲಸಕ್ಕೆ ಬಳಸುವುದು ಹೊಸದೇನಲ್ಲ. ಬೆಂಗಳೂರಿನ ಮೆಜೆಸ್ಟಿಕ್ ನಿಲ್ದಾಣದಲ್ಲಿ 2020ರಲ್ಲಿ ಕೆ.ಎಸ್.ಆರ್.ಟಿ.ಸಿ.ಯವರು ಒಂದು ಹಳೇ ಬಸ್ಸನ್ನೇ ಹೆಣ್ಣುಮಕ್ಕಳ ಶೌಚಾಲಯ ಮಾಡಿದ್ದರು. ಸಾರಿಗೆ ಸಂಸ್ಥೆಯವರು ಸವೆದ ಬಸ್ಸುಗಳನ್ನು ಹರಾಜು ಹಾಕುತ್ತಾರೆ. ಗುಜರಿಯವರು ಹಿಡಿದು ಎಂಜಿನ್ನು, ಗಾಲಿ, ಸೀಟು ಬೇರೆ ಮಾಡಿ ಮಾರುತ್ತಾರೆ. ಉಳಿದ ಬಾಡಿ ನಮ್ಮಂಥವರ ಪಾಲು. ನಾನು ತಂದದ್ದು 2016ರಲ್ಲಿ.

ನಾನು ಮಾಡಿದ ತಪ್ಪು

ಬಸ್ಸಿನ ನೆಲಕ್ಕೆ ಪ್ಲೈವುಡ್ ಇರುತ್ತದೆ, ಅದರ ಮೇಲೆ ಅಲ್ಯೂಮಿನಿಯಂ ಚೆಕ್ಕರ್ ಪ್ಲೇಟು. ನನಗೆ ಬರುವ ಹೊತ್ತಿಗೆ ಬೆಲೆ ಬಾಳುವ ಆ ಪ್ಲೇಟನ್ನು ಕಿತ್ತಿದ್ದರು. ಪ್ಲೈವುಡ್ಡಿನಲ್ಲಿ ಸೀಟಿನ ಬೋಲ್ಟಿನ ತೂತುಗಳು ಹಾಗೇ ಇದ್ದವು. ಕೆಳಗಿನ ಅಡ್ಡ ತೊಲೆಗಳಿಗೆ ಅಲ್ಲಲ್ಲಿ ಜಂಗು ಹತ್ತಿತ್ತು. ನಾನು ಶಾಣ್ಯಾತನ ಮಾಡಿ ಎಲ್ಲದರ ಮೇಲೆ ತೆಳು ತಗಡು ಹೊಡೆಸಿದೆ, ಬಣ್ಣ ಬಳಿಸಿದೆ. ಗೋಡೆಯ ಬುಡದಲ್ಲಿ ತೂತು ಕಂಡಲ್ಲಿ ಎಂ-ಸೀಲ್ ಮೆತ್ತಿದೆ. ನೋಡಲಿಕ್ಕೆ ಹೊಸಾ ಬಸ್ಸು!

2021ರ ಅಕ್ಟೋಬರದಲ್ಲಿ ಕಡಲೆ ಬಿತ್ತಿಗೆಗೆ ಬೀಜ ತೆಗೆಯುವಾಗ ನಮ್ಮ ಮನೆಯವರ ಕಾಲು ತಗಡಿನ ಸಮೇತ ನೆಲದೊಳಗೆ ಇಳಿಯಿತು. ಹರಿದ ತಗಡಿನ ಅಂಚು ಮೀನಗಂಡ ಸೀಳಿತು. ಒಂಬತ್ತು ಹೊಲಿಗೆ, ಧನುರ್ವಾಯು ಸೂಜಿ, ಒಂದು ತಿಂಗಳು ನೆಲಕ್ಕೆ ಕಾಲೂರುವಂತಿಲ್ಲ. ಕೆಳಗಿನ ಸಾಲಿನ ಎರಡು ಚೀಲ ಬೀಜ ಮುಗ್ಗಿ ಹೋಗಿತ್ತು. ನಮ್ಮಲ್ಲಿ ಹಿಂಗಾರಿಗೆ ಹಸಿ ಇದ್ದಾಗ ಬಿತ್ತಬೇಕು. ಆ ಹಸಿ ಹಾರಿ ಹೋಯಿತು. ನೂರು ರೂಪಾಯಿ ತಗಡಿನಿಂದ ಮುಚ್ಚಿದ್ದಕ್ಕೆ ನಾನು ತೆತ್ತ ದಂಡ ಇದು.

ಬೈಲಹೊಂಗಲದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಹುಡುಗನೊಬ್ಬನನ್ನು ಕರೆತಂದೆ. ತಗಡು ಎತ್ತಿ ನೋಡಿ ಅವನು ಹೇಳಿದ್ದು ಇಷ್ಟೇ: 'ಕಾಕಾ, ಹುಣ್ಣಿನ ಮ್ಯಾಲ ಪಟ್ಟಿ ಸುತ್ತಿದ್ರ ಒಳಗ ಕೀವು ಆಗೂದು ಬಿಡತೈತೇನು?'

ಜಂಗು ಹತ್ತುವುದು ಹೇಗೆ

ಕಬ್ಬಿಣಕ್ಕೆ ಜಂಗು ಹತ್ತಲು ನೀರೂ ಬೇಕು, ಗಾಳಿಯೂ ಬೇಕು. ಸುರಿದು ಹರಿದು ಹೋಗುವ ಮಳೆಗಿಂತ ಒಳಗೆ ಹೊಕ್ಕು ಕೂತ ಹಸಿ ಹೆಚ್ಚು ತಿನ್ನುತ್ತದೆ. ನನ್ನ ತಗಡಿನ ಕೆಳಗೆ ಪ್ಲೈವುಡ್ ನೀರು ಕುಡಿದು ತಿಂಗಳುಗಟ್ಟಲೆ ಒದ್ದೆ ಇರುತ್ತಿತ್ತು. ಅದಕ್ಕೆ ಅಂಟಿಕೊಂಡ ತೊಲೆ ಉಳಿದೀತು ಹೇಗೆ? ಜಂಗು ಆದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಆದ್ದರಿಂದಲೇ ತಗಡು ಉಬ್ಬಿ ಬಣ್ಣ ಚಕ್ಕೆಯೇಳುತ್ತದೆ. ಬಣ್ಣ ಉಬ್ಬಿದ್ದು ಕಂಡರೆ ಒಳಗಿನ ಕೆಲಸ ಬಹಳ ದಿನದ ಹಿಂದೆ ಶುರುವಾಗಿದೆ ಎಂದೇ ತಿಳಿಯಿರಿ.

ಇದಕ್ಕೆ ಗೊಬ್ಬರ ಸೇರಿದರೆ ಮುಗಿಯಿತು. ಯೂರಿಯಾ, ಪೊಟ್ಯಾಷ್ ಗಾಳಿಯ ಹಸಿ ಎಳೆದುಕೊಳ್ಳುತ್ತವೆ. ಆ ಉಪ್ಪುನೀರು ಕಬ್ಬಿಣವನ್ನು ಬೇಗ ತಿನ್ನುತ್ತದೆ. ನಮ್ಮ ಬಸ್ಸಿನ ಹಿಂದಿನ ಮೂಲೆಯಲ್ಲಿ ಗೊಬ್ಬರ ಇಡುತ್ತಿದ್ದೆ. ಕಾಲು ಕುಸಿದದ್ದು ಅಲ್ಲಿಯೇ.

ಇನ್ನೊಂದು ಕಾರಣ ನನಗೆ ಗೊತ್ತಿರಲಿಲ್ಲ. ಬಸ್ಸಿನ ಹೊರಗಿನ ಹಾಳೆ ಅಲ್ಯೂಮಿನಿಯಂ, ಒಳಗಿನ ಕಂಬ ಕಬ್ಬಿಣದ ಚೌಕ ಪೈಪು. ಎರಡು ಬೇರೆ ಲೋಹಗಳು ನೇರ ತಾಗಿ ನಡುವೆ ನೀರು ನಿಂತರೆ ಬ್ಯಾಟರಿಯೊಳಗೆ ಆದಂತೆ ಆಗುತ್ತದೆ. ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ರಿವೆಟ್ ಸಡಿಲಾಗುತ್ತದೆ, ಆ ಸಂದಿನಿಂದ ಮತ್ತೆ ನೀರು ಒಳಗೆ.

ಮೊದಲು ನೀರಿನ ಹಾದಿ ಹುಡುಕಿ

ಬಸ್ಸು ಖಾಲಿ ಮಾಡಿದೆವು. ಒಳಗೆ ನೆಲದ ತುಂಬ ಒಣ ಬೂದಿ ಚೆಲ್ಲಿ ಮೇಲೆ ಹತ್ತಿ ಟಾಪಿನ ಮೇಲೆ ಒಂದೊಂದೇ ಕಡೆ ಕೊಡದಿಂದ ನೀರು ಸುರಿದೆವು. ಬೂದಿ ಎಲ್ಲಿ ಒದ್ದೆಯಾಯಿತೋ ಅಲ್ಲಿ ಸೀಮೆಸುಣ್ಣದ ಗುರುತು. ಮೂರು ಕಡೆ ಸಿಕ್ಕವು: ಟಾಪಿನ ಲಗೇಜ್ ಕ್ಯಾರಿಯರಿನ ಬೋಲ್ಟು, ಬಾಗಿಲ ಮೇಲಿನ ಜೋಡು, ಮತ್ತು ಕಿಟಕಿಗಳು.

ಕಿಟಕಿಯದು ದೊಡ್ಡ ಪಾಠ. ಗಾಜು ಸರಿಯುವ ಗಾಡಿಯಲ್ಲಿ ನೀರು ಹೊರಗೆ ಹೋಗಲು ಸಣ್ಣ ತೂತು ಇರುತ್ತವೆ. ನಮ್ಮ ಕಡೆಯ ಧೂಳು ಅವನ್ನು ಮುಚ್ಚಿಬಿಡುತ್ತದೆ. ಆಗ ನೀರು ಒಳಮಗ್ಗಲಿಗೆ ತುಳುಕಿ ಗೋಡೆಯ ಎರಡು ಹಾಳೆಗಳ ನಡುವೆ ಇಳಿದು ಕಂಬದ ಬುಡದಲ್ಲಿ ನಿಲ್ಲುತ್ತದೆ. ಸೈಕಲ್ ಕಡ್ಡಿಯಿಂದ ತೂತು ಬಿಡಿಸಿದ್ದಕ್ಕೆ ಒಂದು ಪೈಸೆ ಖರ್ಚಿಲ್ಲ. ಉಳಿದ ಸಂದುಗಳಿಗೆ ಹಳೇ ಮೇಣ ಕೆರೆದು ಪಿ.ಯು. ಸೀಲಂಟ್ ತುಂಬಿದೆವು. ಸಿಲಿಕಾನ್ ಬೇಡ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಆಮೇಲೆ ಸಣ್ಣ ಸುತ್ತಿಗೆಯಿಂದ ಪ್ರತಿ ತೊಲೆ, ಪ್ರತಿ ಕಂಬ ಬಡಿದು ನೋಡಿದೆವು. ಗಟ್ಟಿ ಕಬ್ಬಿಣ 'ಠಣ್' ಅನ್ನುತ್ತದೆ, ಕೊಳೆತದ್ದು 'ಥಪ್' ಅನ್ನುತ್ತದೆ. ಸಂಶಯ ಬಂದಲ್ಲಿ ಸ್ಕ್ರೂ ಡ್ರೈವರಿನಿಂದ ಒತ್ತಿ. ತೂರಿದರೆ ಅದನ್ನು ತೆಗೆಯಲೇಬೇಕು.

ನೆಲ ಮತ್ತು ಗೋಡೆಯ ಬುಡ

1. ನೆಲದ ತಗಡು, ಪ್ಲೈವುಡ್ ಪೂರ್ತಿ ಕಿತ್ತೆವು. ಗೋಡೆಯ ಒಳಹಾಳೆಯನ್ನು ಕೆಳಗಿನಿಂದ ಒಂದೂವರೆ ಅಡಿ ಬಿಚ್ಚಿದೆವು. ರಿವೆಟ್‌ನ ತಲೆಯನ್ನು ಡ್ರಿಲ್ಲಿನಿಂದ ಕೊರೆದರೆ ಹಾಳೆ ಹರಿಯದೆ ಬರುತ್ತದೆ. ಒಳಗೆ ಬುಟ್ಟಿಗಟ್ಟಲೆ ಮಣ್ಣು ಸಿಕ್ಕಿತು.

2. ಕೊಳೆತ ಪೈಪನ್ನು ಗಟ್ಟಿ ಕಬ್ಬಿಣ ಸಿಗುವ ತನಕ ಕತ್ತರಿಸಬೇಕು. ತೆಳುವಾದ ಕಬ್ಬಿಣಕ್ಕೆ ವೆಲ್ಡಿಂಗ್ ಹಿಡಿಯುವುದಿಲ್ಲ, ತೂತು ಬೀಳುತ್ತದೆ. ಒಂದೇ ಸಲ ಎಲ್ಲ ಕತ್ತರಿಸಬಾರದು. ಕೆಳಗೆ ಜಾಕು, ಕಟ್ಟಿಗೆ ದಿಮ್ಮಿ ಕೊಟ್ಟು ಒಂದನ್ನು ಕೂಡಿಸಿ ಇನ್ನೊಂದಕ್ಕೆ ಹೋಗಬೇಕು. ಇಲ್ಲವಾದರೆ ಬಾಡಿ ಬಾಗಿ ಬಾಗಿಲು ಕೂಡುವುದಿಲ್ಲ.

3. ಉಳಿದ ಕಬ್ಬಿಣಕ್ಕೆ ತಂತಿ ಬ್ರಷ್, ಗ್ರೈಂಡರ್ ಹೊಡೆದು ಚಕ್ಕೆ ತೆಗೆದೆವು. ಸಂದಿಯೊಳಗೆ ಉಳಿದ ಜಂಗಿಗೆ ರಸ್ಟ್ ಕನ್ವರ್ಟರ್ ಹಚ್ಚಿದೆವು. ಇದರಲ್ಲಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿನ್ ಇರುತ್ತದೆ. ಜಂಗನ್ನು ಕಪ್ಪು ಪದರ ಮಾಡುತ್ತದೆ. ಹಿಂದಿನವರು ಅಳಲೆಕಾಯಿ ರಸಕ್ಕೆ ಕಬ್ಬಿಣ ಸೇರಿಸಿ ಕಪ್ಪು ಶಾಯಿ ಮಾಡುತ್ತಿದ್ದರಲ್ಲ, ಅದೇ ಗುಣ. ಆದರೆ ಸಡಿಲ ಚಕ್ಕೆಯ ಮೇಲೆ ಹಚ್ಚಿದರೆ ವ್ಯರ್ಥ.

4. ಮುಚ್ಚುವ ಮೊದಲೇ ಎಲ್ಲ ಮಗ್ಗಲಿಗೂ ಪ್ರೈಮರ್. ಉಜ್ಜಿದ ಕಬ್ಬಿಣವನ್ನು ರಾತ್ರಿ ಬರಿದೇ ಬಿಡಬಾರದು, ಬೆಳಗಿನ ಇಬ್ಬನಿಗೆ ಮತ್ತೆ ಕೆಂಪಾಗುತ್ತದೆ. ಅಂದಂದು ಉಜ್ಜಿದ್ದಕ್ಕೆ ಅಂದಂದೇ ರೆಡ್ ಆಕ್ಸೈಡ್ ಹಚ್ಚಿದೆವು.

5. ನೆಲಕ್ಕೆ 16 ಗೇಜಿನ, ಅಂದರೆ 1.6 ಮಿ.ಮೀ. ದಪ್ಪದ ಕಬ್ಬಿಣದ ಹಾಳೆ ಹಾಕಿದೆವು. 8 ಅಡಿಗೆ 4 ಅಡಿಯ ಒಂದು ಹಾಳೆ ಸುಮಾರು 37 ಕಿಲೋ ತೂಗುತ್ತದೆ. ಕೆಳಗೆ ಒಂದೂವರೆ ಅಡಿಗೊಂದು ಅಡ್ಡ ಪೈಪು. ಉದ್ದಕ್ಕೆ ವೆಲ್ಡಿಂಗ್ ಎಳೆದರೆ ಕಾವಿಗೆ ಹಾಳೆ ಹಪ್ಪಳದಂತೆ ಏಳುತ್ತದೆ. ಆರು ಇಂಚಿಗೆ ಒಂದಿಂಚು ಹೊಡೆದು, ನಡುವಿನ ಸಂದಿಗೆ ಸೀಲಂಟ್ ಕೊಟ್ಟರೆ ಸಾಕು. ಪ್ಲೈವುಡ್ ಮತ್ತೆ ಹಾಕಲಿಲ್ಲ.

6. ಕೆಳಮಗ್ಗಲಿಗೆ ಪ್ರೈಮರ್ ಒಣಗಿದ ಮೇಲೆ ಡಾಂಬರಿನ ಕಪ್ಪು ಬಣ್ಣ. ಜಂಗಿನ ಮೇಲೆ ನೇರ ಡಾಂಬರು ಹಚ್ಚಿದರೆ ಅದೂ ನನ್ನ ಹಳೇ ತಗಡಿನಂತೆಯೇ ಬರೇ ಮುಚ್ಚಳ.

7. ಅಲ್ಯೂಮಿನಿಯಂ ಹಾಳೆ ಮತ್ತೆ ಕೂಡಿಸುವಾಗ ಕಂಬದ ಮೇಲೆ ಬಣ್ಣ, ಅದರ ಮೇಲೆ ಟ್ರ್ಯಾಕ್ಟರಿನ ಹಳೇ ಟ್ಯೂಬು ಕತ್ತರಿಸಿದ ಪಟ್ಟಿ ಇಟ್ಟು ರಿವೆಟ್ ಹೊಡೆದೆವು. ಎರಡು ಲೋಹ ನೇರ ತಾಗಬಾರದು. ಗೋಡೆಯ ತಳದಲ್ಲಿ ಎರಡು ಅಡಿಗೊಂದು ತೂತು ಬಿಟ್ಟೆವು. ನೀರು ಹೊಕ್ಕರೂ ಹೊರಗೆ ಹೋಗಲು ದಾರಿ ಇರಬೇಕು.

ಕೆಲಸದ ಹೊತ್ತಿನಲ್ಲಿ ಹತ್ತಿ, ಮೇವು, ಡೀಸೆಲ್ ದೂರ ಇರಲಿ, ಎರಡು ಕೊಡ ನೀರು ಹತ್ತಿರ ಇರಲಿ. ಹಳೇ ಬಣ್ಣದ ಪುಡಿ ಎದೆಗೆ ಹೋಗದಂತೆ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಕಲಾಯಿ ತಗಡಿಗೆ ವೆಲ್ಡಿಂಗ್ ಮಾಡುವುದಿದ್ದರೆ ಮೊದಲು ಕಲಾಯಿ ಉಜ್ಜಿ ತೆಗೆಯಿರಿ, ಆ ಹೊಗೆಗೆ ಚಳಿಜ್ವರ ಬರುತ್ತದೆ. ಬಸ್ಸಿಗೆ ಕರೆಂಟು ಎಳೆದಿದ್ದರೆ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಇರಲೇಬೇಕು. ಇಡೀ ಮನೆಯೇ ಕಬ್ಬಿಣ ಎಂಬುದು ನೆನಪಿರಲಿ.

ಖರ್ಚು

2022ರ ಶಿವರಾತ್ರಿ ಮುಗಿದ ಮೇಲೆ ಕೆಲಸ ಮಾಡಿಸಿದ್ದು. ನೆಲ ಪೂರ್ತಿ ಹೊಸದಲ್ಲ, ಹಿಂದಿನ ಅರ್ಧ ಮಾತ್ರ ಹಾಳೆ. ಮುಂದಿನ ಅರ್ಧಕ್ಕೆ ಮನೆಯಲ್ಲಿದ್ದ ಬೇವಿನ ಹಲಗೆ ಸಂದು ಬಿಟ್ಟು ಜೋಡಿಸಿದೆವು. ನಾಲ್ಕು ಹಾಳೆ ಮತ್ತು ಪೈಪು ಕೂಡಿ 208 ಕಿಲೋ ಕಬ್ಬಿಣಕ್ಕೆ 15,600 ರೂಪಾಯಿ. ವೆಲ್ಡಿಂಗಿನವನಿಗೆ ನಾಲ್ಕು ದಿನಕ್ಕೆ 4,800. ಪ್ರೈಮರ್, ಬಣ್ಣ, ಸೀಲಂಟ್, ರಿವೆಟ್‌ಗೆ 4,200. ಒಟ್ಟು 24,600. ಉಜ್ಜುವ, ಬಳಿಯುವ ಕೆಲಸ ನಾನೂ ಮಗನೂ ಮಾಡಿದ್ದು ಇದರಲ್ಲಿ ಇಲ್ಲ.

ಬಾಡಿ ತರುವವರಿಗೆ

ಬಣ್ಣ ನೋಡಿ ಮರುಳಾಗಬೇಡಿ, ಕೆಳಗೆ ನುಸುಳಿ ತೊಲೆ ಬಡಿದು ನೋಡಿ. ಮಾರಿದವರಿಂದ ರಶೀದಿ ಪಡೆಯಿರಿ. ಕುಂಡ್ರಿಸುವಾಗ ನೆಲದಿಂದ ಎರಡು ಅಡಿ ಎತ್ತರದ ಕಲ್ಲು ಕೊಡಿ. ಕೆಳಗೆ ಗಾಳಿ ಆಡಬೇಕು, ಮನುಷ್ಯ ನುಸುಳಿ ನೋಡುವಂತಿರಬೇಕು. ಕಿತ್ತೂರು ಕಡೆ ಮಳೆ ಜಾಸ್ತಿ, ಅಲ್ಲಿಯವರು ಟಾಪಿನ ಮೇಲೆ ಒಂದು ತಗಡಿನ ಚಪ್ಪರ ಹಾಕುವುದು ಒಳ್ಳೆಯದು. ರಾಮದುರ್ಗ, ಸವದತ್ತಿ ಕಡೆ ಮಳೆ ಕಡಿಮೆಯಾದರೂ ಧೂಳು ಬಿಡುವುದಿಲ್ಲ, ಅಲ್ಲಿ ಕಿಟಕಿಯ ತೂತು ನೋಡಿಕೊಳ್ಳಬೇಕು. ಮಲಪ್ರಭೆಯ ದಂಡೆಯ ಹೊಲದವರು 2019ರ ಆಗಸ್ಟಿನ ಪ್ರವಾಹ ಮರೆಯಬೇಡಿ. ಆಗ ಮುನವಳ್ಳಿ, ರಾಮದುರ್ಗದ ತನಕ ನೀರು ಹೊಕ್ಕಿತ್ತು. ಹಾಗೆ ನೀರು ನಿಂತು ಇಳಿದ ಬಸ್ಸಿನ ಗೋಡೆಯನ್ನು ತಡ ಮಾಡದೆ ಬಿಚ್ಚಿ ರಾಡಿ ತೊಳೆಯಬೇಕು.

ಈಗ ನಾನು ವರ್ಷಕ್ಕೆ ಎರಡು ಸಲ ಬಸ್ಸಿನ ಕೆಳಗೆ ನುಸುಳುತ್ತೇನೆ. ಬಸವ ಜಯಂತಿಯ ಹೊತ್ತಿಗೆ ತೂತುಗಳನ್ನು ಬಿಡಿಸುವುದು, ಬನ್ನಿ ಹಬ್ಬ ಮುಗಿದ ಮೇಲೆ ಬಣ್ಣ ಎದ್ದಲ್ಲಿ ಉಜ್ಜಿ ಹಚ್ಚುವುದು. ಗೊಬ್ಬರಕ್ಕೆ ಹೊರಗೆ ಬೇರೆ ಅಟ್ಟ ಮಾಡಿದ್ದೇನೆ. 2022ರ ಜೋರು ಮಳೆ ಕಳೆಯಿತು, 2023ರ ಬರವೂ ಕಳೆಯಿತು, ಬೀಜ ಮುಗ್ಗಿಲ್ಲ. ನಮ್ಮ ಮನೆಯವರು ಮಾತ್ರ ಇವತ್ತಿಗೂ ಬಸ್ಸು ಹತ್ತುವಾಗ ಮೊದಲು ಹಿಮ್ಮಡದಿಂದ ಎರಡು ಸಲ ನೆಲ ಗುದ್ದುತ್ತಾರೆ. 'ಠಣ್' ಅಂದ ಮೇಲೆಯೇ ಒಳಗೆ ಕಾಲಿಡುವುದು. ನೀವೂ ಹಾಗೇ ಮಾಡಿರಿ.