ಮುಗಿಲಿನಿಂದ ಮೀನು ಬಿದ್ದವೇ?

ಮಿರಗದ ಮಳೆ ರಾತ್ರಿಯೆಲ್ಲ ಸುರಿಯುತ್ತದೆ. ಬೆಳಗಾದರೆ ಅಂಗಳದ ತುಂಬ ಕಪ್ಪೆ! ನಿನ್ನೆ ಒಂದೂ ಇರಲಿಲ್ಲ. "ಮುಗಲಿಂದ ಕಪ್ಪಿ ಬಿದ್ದಾವ ನೋಡ್ರಿ" ಅನ್ನುತ್ತಾರೆ. ಈ ಮಾತು ನೀವೂ ಕೇಳಿರಬೇಕು.

ಅಕ್ಕಂದಿರೇ, ಅವು ನಿಜವಾಗಿ ಮುಗಿಲಿನಿಂದ ಬಿದ್ದವೇ?

ನಮ್ಮ ಸಿರಸಂಗಿ ಕಡೆಯ ಎರೆ ಹೊಲ ನಿಮಗೆ ಗೊತ್ತು. ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ. ಆ ಬಿರುಕಿನಲ್ಲಿ, ಕಲ್ಲಿನ ಕೆಳಗೆ, ಕೆರೆ ದಂಡೆಯ ಮಣ್ಣಿನಲ್ಲಿ ಕಪ್ಪೆ ಅಡಗಿ ಕೂಡುತ್ತದೆ. ಕೆಲವು ಜಾತಿಯ ಕಪ್ಪೆಗಳು ಹಿಂಗಾಲಿನಿಂದ ಮಣ್ಣು ತೋಡುತ್ತವೆ. ಹಿಂದೆ ಹಿಂದೆ ಸರಿಯುತ್ತ ನೆಲದೊಳಗೆ ಇಳಿಯುತ್ತವೆ. ತಿಂಗಳುಗಟ್ಟಲೆ ಏನೂ ತಿನ್ನದೆ ಅಲ್ಲಿಯೇ ಇರುತ್ತವೆ. ಮಳೆ ಬಿದ್ದು ನೆಲ ಹಸಿಯಾದರೆ ಮೇಲೆ ಬರುತ್ತವೆ. ಮೊಟ್ಟೆ ಇಡಲು ನೀರು ಬೇಕಲ್ಲ, ಅದಕ್ಕೇ ಎಲ್ಲವೂ ಒಂದೇ ರಾತ್ರಿ ಹೊರಡುತ್ತವೆ. ವಟವಟ ಒದರುವುದು ಗಂಡು ಕಪ್ಪೆ. ಹೆಣ್ಣನ್ನು ಕರೆಯುವ ಕೂಗು ಅದು.

ಮಕಮಲ್ಲಿನಂಥ ಕೆಂಪು ಮಿರಗದ ಹುಳವೂ ಹಾಗೆಯೇ. ಅದು ಜೇಡದ ಬಳಗ, ಎಂಟು ಕಾಲು. ಮಣ್ಣಿನಲ್ಲಿ ಇರುತ್ತದೆ, ಮಳೆಗೆ ಮೇಲೆ ಬರುತ್ತದೆ.

ಹಾಗಾದರೆ ಮುಗಿಲಿನಿಂದ ಏನೂ ಬೀಳುವುದೇ ಇಲ್ಲವೇ? ಬೀಳುತ್ತದೆ. ಆದರೆ ಬಹಳ ಅಪರೂಪ.

ಆಣಿಕಲ್ಲು ನೋಡಿದ್ದೀರಿ. ಲಿಂಬಿಹಣ್ಣಿನಷ್ಟು ದೊಡ್ಡದೂ ಬೀಳುವುದುಂಟು. ಅಷ್ಟು ದೊಡ್ಡದಾಗುವ ತನಕ ಅದು ಮೋಡದಲ್ಲಿ ಹೇಗೆ ನಿಂತಿತ್ತು? ಮೋಡದೊಳಗೆ ಕೆಳಗಿನಿಂದ ಮೇಲಕ್ಕೆ ಜೋರು ಗಾಳಿ ಬೀಸುತ್ತದೆ. ಅದೇ ಕಲ್ಲನ್ನು ಹಿಡಿದಿರುತ್ತದೆ. ಇನ್ನು ಸುಂಟರಗಾಳಿ. ಕಣದಲ್ಲಿ ಹೊಟ್ಟು, ಕಸ, ಒಣಗಲು ಹಾಕಿದ ಸೀರೆ, ಎಲ್ಲವನ್ನೂ ತಿರುಗಿಸಿ ಎತ್ತುತ್ತದೆ. ಇದಕ್ಕಿಂತ ಎಷ್ಟೋ ಪಟ್ಟು ಬಲವಾದ ಸುಳಿಗಾಳಿ ಕೆರೆ, ಹೊಳೆ, ಸಮುದ್ರದ ಮೇಲೆ ಏಳುವುದುಂಟು. ಅದು ನೀರಿನ ಜೊತೆ ಸಣ್ಣ ಮೀನನ್ನೂ ಎತ್ತಬಹುದು. ಗಾಳಿಯ ಬಲ ಇಳಿದಾಗ ಮೀನು ಬೇರೆ ಕಡೆ ಬೀಳುತ್ತದೆ. ಗಾಳಿ ಮೀನನ್ನು ಎತ್ತುವುದನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಬಿದ್ದದ್ದನ್ನು ನೋಡಿ ವಿಜ್ಞಾನಿಗಳು ಹೀಗೆ ಲೆಕ್ಕ ಹಾಕಿದ್ದಾರೆ.

2014ರ ಮೇ ತಿಂಗಳಲ್ಲಿ ಶ್ರೀಲಂಕಾದ ಚಿಲಾವ್ ಕಡೆಯ ಒಂದು ಹಳ್ಳಿಯಲ್ಲಿ ಬಿರುಗಾಳಿ ಮಳೆ ಬಂತು. ಏನೋ ಭಾರವಾದದ್ದು ಬಿದ್ದ ಸಪ್ಪಳ ಕೇಳಿತು. ಜನ ಹೊರಗೆ ಬಂದು ನೋಡಿದರೆ ರಸ್ತೆಯಲ್ಲಿ ಮೀನು, ಮನೆಯ ಮೇಲೆಯೂ ಮೀನು. ಸುಮಾರು 50 ಕಿಲೋ ಆಯ್ದರು. ಕೆಲವು ಇನ್ನೂ ಜೀವದಿಂದಿದ್ದವು. ಆಸ್ಟ್ರೇಲಿಯಾ ದೇಶದ ಲಜಮಾನು ಮರುಭೂಮಿಯ ಊರು. ಅಲ್ಲಿಯೂ 2010ರಲ್ಲಿ, ಮತ್ತೆ 2023ರಲ್ಲಿ ಮೀನು ಬಿದ್ದ ಸುದ್ದಿ ಬಂತು.

ಮನೆಯ ಮೇಲೆಯೂ ಅಂದೆನಲ್ಲ, ಅದು ಗಮನಿಸುವ ಮಾತು. ಕಪ್ಪೆಯೋ ಮೀನೋ ಬಿದ್ದಿದೆ ಎಂದು ಯಾರಾದರೂ ಹೇಳಿದರೆ ಮಾಳಿಗೆ ಹತ್ತಿ ನೋಡಿರಿ. ಮೇಲಿನಿಂದ ಬಿದ್ದರೆ ಮಾಳಿಗೆಯ ಮೇಲೂ ಬೀಳಬೇಕು. ಅಂಗಳದಲ್ಲಿ, ಹಳ್ಳದ ಬದಿಯಲ್ಲಿ ಮಾತ್ರ ಇದ್ದರೆ ಅವು ನೆಲದಿಂದ ಬಂದವು, ಇಲ್ಲವೇ ಹಳ್ಳದ ನೀರು ತಂದು ಹಾಕಿತು.

ಇಷ್ಟು ನೋಡುವುದು ಯಾಕೆ ಬೇಕು? ಇಂಥ ಸುದ್ದಿ ಹಬ್ಬಿದರೆ ಊರಿಗೆ ಕೇಡು ಅನ್ನುವವರು ಇರುತ್ತಾರೆ. ಆ ಕೇಡನ್ನು ಯಾರ ತಲೆಗೆ ಕಟ್ಟುತ್ತಾರೆ? "ಹೊಸಾ ಸೊಸಿ ಕಾಲಗುಣ" ಅನ್ನುತ್ತಾರೆ. ಗಂಡ ಸತ್ತವಳ ಕಡೆ ಬೆರಳು ಮಾಡುತ್ತಾರೆ. ಗಾಳಿಗೆ, ಮಳೆಗೆ ಪಾಪ ಆಕೆ ಏನು ಮಾಡಿಯಾಳು? ಆಮೇಲೆ ಶಾಂತಿ ಮಾಡಿಸಬೇಕೆಂದು ಮನೆಮನೆಗೆ ಪಟ್ಟಿ ಎತ್ತುತ್ತಾರೆ. ಕೂಲಿ ಮಾಡಿ ಉಳಿಸಿದ ದುಡ್ಡು ಹೋಗುತ್ತದೆ.

2001ರ ಜುಲೈಯಲ್ಲಿ ಕೇರಳದ ಕೊಟ್ಟಾಯಂ ಕಡೆ ಕೆಂಪು ಮಳೆ ಬಂತು. ನೋಡಿದರೆ ರಕ್ತದ ಬಣ್ಣ! ಒಗೆದು ಹಾಕಿದ ಬಟ್ಟೆ ಗುಲಾಬಿ ಆದವು. ಆ ನೀರನ್ನು ಬಾಟಲಿಯಲ್ಲಿ ಹಿಡಿದು ಪರೀಕ್ಷೆಗೆ ಒಯ್ದರು. ಅದು ರಕ್ತ ಅಲ್ಲ. ಮರದ ತೊಗಟೆ, ಬಂಡೆಗಳ ಮೇಲೆ ಬೆಳೆಯುವ ಒಂದು ಬಗೆಯ ಪಾಚಿಯ ಸಣ್ಣ ಬೀಜಕಣ. ದೊಡ್ಡ ಗಾಜಿನಲ್ಲಿ ನೋಡಿದಾಗ ಕಂಡಿತು.

ನಿಮ್ಮ ಅಂಗಳಕ್ಕೆ ಕಪ್ಪೆ ಬಂದರೆ ಹೊಡೆಯಬೇಡಿರಿ. ಅದು ಹುಳ-ಹುಪ್ಪಡಿ, ಸೊಳ್ಳೆ ತಿನ್ನುತ್ತದೆ. ಮಳೆಯ ಮರುದಿನ ಸತ್ತ ಮೀನು ಸಿಕ್ಕರೆ ಸಾರು ಮಾಡಬೇಡಿರಿ. ಯಾವ ನೀರಿನದು, ಸತ್ತು ಎಷ್ಟು ಹೊತ್ತಾಯಿತು, ಹೇಳುವವರು ಯಾರು?